ಒಂದು ಇಸವಿ ಹುಟ್ಟಿಸಿದ ಅನುಮಾನ

ಮಾರ್ಚ್ 21, 2025, ಶುಕ್ರವಾರ

ವಿಶ್ವಸಂಸ್ಥೆ ಗೊತ್ತುಪಡಿಸಿದ ಹಿಮನದಿಗಳ ದಿನದ ಮೊದಲ ಆಚರಣೆ ಇಂದು. ಆ ಸುದ್ದಿ ಓದಿದ ಚಿಕ್ಕಪ್ಪ, ‘ಹಿಮಾಲಯದ ಹಿಮವೆಲ್ಲ 2035ಕ್ಕೆ ಕರಗಿಹೋಗುತ್ತದೆ ಎಂದು ಹೆದರಿಸಿದ್ದರಲ್ಲ, ಅದೇನಾಯಿತು?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಹವಾಮಾನ ಬದಲಾವಣೆಯನ್ನು ಅಳೆಯುವ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿ 2007ರಲ್ಲಿ ಹೊರತಂದ ನಾಲ್ಕನೆಯ ವರದಿಯ ಎರಡನೆಯ ಸಂಪುಟದಲ್ಲಿ ಆ ಮಾತು ನಿಜವಾಗಿಯೂ ಇತ್ತು. ಅದರ ಮೂಲ ತಜ್ಞರು ಪರಿಶೀಲಿಸಿದ ಸಂಶೋಧನೆಯಾಗಿರಲಿಲ್ಲ. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ 2005ರ ವರದಿಯಿಂದ ಬಂದದ್ದು, ಅದರ ಬೇರು 1999ರ ಪತ್ರಿಕಾ ಬರಹವೊಂದರಲ್ಲಿತ್ತು. 2009ರ ನವೆಂಬರ್‌ನಲ್ಲಿ ಹಿಮನದಿಗಳು ಅಷ್ಟು ವೇಗವಾಗಿ ಕರಗುತ್ತಿವೆಯೇ ಎಂದು ಪ್ರಶ್ನಿಸಿದ ಭೂವಿಜ್ಞಾನಿ ವಿ. ಕೆ. ರೈನಾ ಅವರ ಅಧ್ಯಯನ ಪತ್ರವನ್ನು ಅಂದಿನ ಪರಿಸರ ಸಚಿವ, ನಮ್ಮ ಚಿಕ್ಕಮಗಳೂರಿನಲ್ಲೇ ಹುಟ್ಟಿದ ಜೈರಾಮ್ ರಮೇಶ್, ಬಿಡುಗಡೆ ಮಾಡಿದಾಗ ಐಪಿಸಿಸಿಯ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ‘ವೂಡೂ ವಿಜ್ಞಾನ’, ಅಂದರೆ ಮಾಟಮಂತ್ರದಂಥ ಹುಸಿ ವಿಜ್ಞಾನ, ಎಂದು ತಳ್ಳಿಹಾಕಿದರು. ಎರಡೇ ತಿಂಗಳಲ್ಲಿ, 2010ರ ಜನವರಿ 20ರಂದು, ಐಪಿಸಿಸಿಯೇ ಆ ಭಾಗಕ್ಕಾಗಿ ವಿಷಾದ ಸೂಚಿಸಬೇಕಾಯಿತು. ತಪ್ಪಿಗಿಂತ ಆ ತಿರಸ್ಕಾರವೇ ಹೆಚ್ಚು ಹಾನಿ ಮಾಡಿತೆಂದು ನಾನು ದೃಢವಾಗಿ ನಂಬಿದ್ದೇನೆ. ಕೇಳಿದವರನ್ನು ಹೀಗಳೆದ ಮೇಲೆ, ತಿದ್ದುಪಡಿಯನ್ನು ಪ್ರಾಮಾಣಿಕತೆಯೆಂದು ಯಾರು ತಾನೇ ಒಪ್ಪುತ್ತಾರೆ? ಇಸವಿ ಸುಳ್ಳಾದರೆ ಕರಗುವುದೂ ಸುಳ್ಳೆಂಬ ತೀರ್ಮಾನಕ್ಕೆ ಜನ ಬಂದುಬಿಟ್ಟರು.

ಕರಗುವುದು ಸುಳ್ಳಲ್ಲ. ಪರ್ವತ ಪ್ರದೇಶಗಳನ್ನು ಅಧ್ಯಯನ ಮಾಡುವ ಕಠ್ಮಂಡುವಿನ ಐಸಿಮಾಡ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದೂಕುಷ್ ಹಿಮಾಲಯದ ಹಿಮನದಿಗಳು 2011ರಿಂದ 2020ರವರೆಗೆ ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ವೇಗವಾಗಿ ಕರಗಿವೆ. ಕಾರಕೋರಂ ಪರ್ವತಸಾಲಿನ ಕೆಲವು ಹಿಮನದಿಗಳು ಬಹುಕಾಲ ಕುಗ್ಗದೆ ಉಳಿದದ್ದೂ ನಿಜ. ಕಲ್ಲುಮಣ್ಣಿನ ದಪ್ಪ ಹೊದಿಕೆಯಿರುವಲ್ಲಿ ಬಿಸಿಲು ಒಳಗಿನ ಮಂಜುಗಡ್ಡೆಯನ್ನು ಬೇಗ ತಾಕುವುದಿಲ್ಲವಾದ್ದರಿಂದ, ಒಂದೇ ಹಿಮನದಿಯ ಚಿತ್ರ ತೋರಿಸಿ ಇಡೀ ಹಿಮಾಲಯದ ಬಗ್ಗೆ ತೀರ್ಪು ಕೊಡುವವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ನಾನು ನಂಬುವುದಿಲ್ಲ.

ಇದನ್ನೆಲ್ಲ ಚಿಕ್ಕಪ್ಪನವರಿಗೆ ವಿವರವಾಗಿ ಬರೆದು ಕಳಿಸಿದ್ದೇನೆ. ‘ಹಿಮ ಕರಗಿದರೆ ಗಂಗೆ ಬತ್ತುತ್ತಾಳೆ’ ಎಂದು ಇಂದಿಗೂ ವೇದಿಕೆಗಳಲ್ಲಿ ಕೇಳಿಬರುವ ಮಾತಿನ ಬಗ್ಗೆಯೂ ಅದರಲ್ಲಿ ಸೇರಿಸಿದೆ. ಗಂಗೆಯ ನೀರಿನಲ್ಲಿ ಹೆಚ್ಚಿನ ಪಾಲು ಮುಂಗಾರು ಮಳೆಯದು. ಹಿಮ ಮತ್ತು ಹಿಮನದಿಗಳ ನೀರನ್ನು ಅದಕ್ಕಿಂತ ಬಹಳ ಹೆಚ್ಚಾಗಿ ನೆಚ್ಚಿಕೊಂಡಿರುವುದು ಸಿಂಧೂ. ಈ ವ್ಯತ್ಯಾಸವನ್ನು ಹೇಳದೆ ಹೆದರಿಸುವವರು ಮತ್ತೊಂದು 2035ನ್ನು ಸಿದ್ಧಮಾಡುತ್ತಿದ್ದಾರೆಂಬುದೇ ನನ್ನ ಆತಂಕ.