ಮುಖದ ಮೇಲೆ ಬಿದ್ದ ನೀಲಿ

ಮಗಳ ಕುಂಚದಿಂದ ಬಣ್ಣ ತೊಟ್ಟಿಕ್ಕಿ ಮೇಜಿನ ಮೇಲಿದ್ದ ನನ್ನ ಹಳೇ ಫೋಟೋ ಮೇಲೆ ಬಿತ್ತು. ಸರಿಯಾಗಿ ಮುಖಕ್ಕೇ! ಒರೆಸೋಕೆ ಹೋದೆ, ಇನ್ನಷ್ಟು ಹರಡಿತು.

ತಕ್ಷಣ ನೆನಪಾದವರು ಜರ್ಮನಿಯ ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್. ದೊಡ್ಡ ಕ್ಯಾನ್ವಾಸ್ ಮೇಲೆ ಬಣ್ಣ ಎಳೆಯೋ ಪಟ್ಟಿ ಇರುತ್ತಲ್ಲ, ಅದಕ್ಕೆ ಅಂಟಿ ಉಳಿದ ಹಸಿ ಬಣ್ಣಕ್ಕೆ ಮನೆಯವರ, ಪ್ರವಾಸದ ಮಾಮೂಲಿ ಫೋಟೋಗಳನ್ನ ಒತ್ತಿ ಎಳೀತಿದ್ರು. ಹೆಚ್ಚಿನವು ಬರೀ 10×15 ಸೆಂ.ಮೀ. ಪ್ರಿಂಟ್‌ಗಳು. ಎಲ್ಲಿ ಏನು ಮುಚ್ಚಿಹೋಗುತ್ತೋ ಅರ್ಧ ಅದೃಷ್ಟ. ಸರಿಬರದ್ದು ಕಸಕ್ಕೆ.

ವಿಚಿತ್ರ ನೋಡಿ, ಮುಚ್ಚಿದ ಜಾಗವನ್ನೇ ಕಣ್ಣು ಹುಡುಕುತ್ತೆ. ವರ್ಷಗಟ್ಟಲೆ ತಿರುಗಿಯೂ ನೋಡದ ಈ ಫೋಟೋನ ಇವತ್ತು ಹತ್ತು ಸಲ ನೋಡಿದೆ. ಒಂದು ಕಿವಿ ಮಾತ್ರ ಉಳಿದಿದೆ, ಅದೂ ಎಡಗಿವಿ.

"ಅಪ್ಪಾ, ಇನ್ನೊಂದು ಫೋಟೋ ಕೊಡು" ಅಂತ ಕೂತಿದ್ದಾಳೆ ಈಗ.