ಎರಡು ಕ್ಯಾಮೆರಾ, ಅದಲುಬದಲಾದ ಅಭ್ಯಾಸ

ನನ್ನ ಬಳಿ ಎರಡು ಕ್ಯಾಮೆರಾಗಳಿವೆ. ಒಂದು ಡಿಜಿಟಲ್, ಇನ್ನೊಂದು 35 ಎಂಎಂ ಫಿಲಂ ಹಾಕುವ, ಬ್ಯಾಟರಿ ಸತ್ತರೂ ಶಟರ್ ಬಡಿಯುವ ಹಳೆಯ ಯಂತ್ರ. ಛಾಯಾಗ್ರಹಣ ನನ್ನ ಉದ್ಯೋಗವಲ್ಲ, ಬಿಡುವಿನ ಖುಷಿಗಷ್ಟೇ ಚಿತ್ರ ತೆಗೆಯುವವನು ನಾನು. ಇತ್ತೀಚೆಗೆ ಒಂದು ವರ್ಷದ ಚಿತ್ರಗಳನ್ನೆಲ್ಲ ಹರಡಿಕೊಂಡು ಕುಳಿತಾಗ, ಡಿಜಿಟಲ್ ಕ್ಯಾಮೆರಾವನ್ನು ಫಿಲಂ ಕ್ಯಾಮೆರಾದಂತೆಯೂ ಫಿಲಂ ಕ್ಯಾಮೆರಾವನ್ನು ಡಿಜಿಟಲ್‌ನಂತೆಯೂ ಬಳಸುತ್ತ ಬಂದಿದ್ದೇನೆ ಎಂಬುದು ಮನವರಿಕೆಯಾಯಿತು. ನನ್ನಂಥ ಹವ್ಯಾಸಿಗಳಲ್ಲಿ ಇದು ಅಪರೂಪದ ದೋಷವೇನಲ್ಲ ಎಂಬುದು ನನ್ನ ಅನುಮಾನ.

ಮೊದಲು ಡಿಜಿಟಲ್‌ನ ವಿಷಯಕ್ಕೆ ಬರುತ್ತೇನೆ. ಫಿಲಂ ರೀಲು ಹಾಕಿದವನು ಅದು ಮುಗಿಯುವವರೆಗೆ ಅದರ ಐಎಸ್‌ಒಗೆ, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂಬುದರ ಅಂಕಿಗೆ, ಕಟ್ಟುಬೀಳಬೇಕು. ಡಿಜಿಟಲ್‌ನಲ್ಲಿ ಅದನ್ನು ಪ್ರತಿ ಚಿತ್ರಕ್ಕೂ ಬದಲಿಸಬಹುದು. ಆದರೂ ನಾನು ಎಂದೋ 400ಕ್ಕೆ ಇಟ್ಟದ್ದನ್ನು ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಕ್ಲಿಕ್ ಮಾಡಿದ ಕೂಡಲೇ ಹಿಂಬದಿಯ ಪರದೆಯನ್ನು ನೋಡುತ್ತೇನೆ ನಿಜ, ಆದರೆ ಯಾರಾದರೂ ಕಣ್ಣು ಮುಚ್ಚಿದ್ದಾರೆಯೇ ಎಂದಷ್ಟೇ. ಬೆಳಕಿನ ವಿಷಯದಲ್ಲಿ ಆ ಪರದೆಯನ್ನು ನಂಬುವಂತಿಲ್ಲ: ಬಿಸಿಲಿನಲ್ಲಿ ಎಲ್ಲ ಚಿತ್ರವೂ ಮಂಕಾಗಿ ಕಾಣುತ್ತದೆ, ಕತ್ತಲ ಕೋಣೆಯಲ್ಲಿ ಎಲ್ಲವೂ ಬೆಳಗುತ್ತದೆ. ನಿಜ ಹೇಳುವುದು ಪಕ್ಕದಲ್ಲಿ ಮೂಡುವ ಹಿಸ್ಟೋಗ್ರಾಮ್, ಅಂದರೆ ಚಿತ್ರದ ಕಪ್ಪು ಎಡಕ್ಕೂ ಬಿಳುಪು ಬಲಕ್ಕೂ ಬರುವಂತೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ. ಅದರ ಗುಡ್ಡ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ, ಬೆಳಗುವ ಭಾಗಗಳ ವಿವರ ಹೋಯಿತೆಂದೇ ಅರ್ಥ; ಏಕೆಂದರೆ ಸೆನ್ಸರಿನ ಒಂದು ಬಿಂದು ತುಂಬಿದ ಮೇಲೆ ಎಷ್ಟು ಬೆಳಕು ಬಿದ್ದರೂ ಅದು ದಾಖಲಿಸುವುದು ಒಂದೇ ಬಿಳಿಯನ್ನು. ನೆರಳಿನ ಭಾಗವನ್ನಾದರೆ ಒಂದಿಷ್ಟು ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಸಹಿಸಿಕೊಂಡು ಆಮೇಲೆ ಎತ್ತಬಹುದು. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ ಸೆನ್ಸರ್ ದಾಖಲಿಸಿದ್ದನ್ನು ಹೆಚ್ಚು ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿರುವುದರಿಂದ, ಹೀಗೆ ಎತ್ತುವ ಅವಕಾಶ ರಾ ಕಡತದಲ್ಲಿಯೇ ಹೆಚ್ಚು.

ಇದಕ್ಕಿಂತಲೂ ನಾನು ಹೆಚ್ಚು ಅಲಕ್ಷಿಸಿದ್ದು ಪ್ರತಿ ಚಿತ್ರದೊಂದಿಗೆ ತಾನಾಗಿಯೇ ದಾಖಲಾಗುವ ಅಂಕಿಗಳನ್ನು. ಮಸುಕಾದ ಚಿತ್ರಗಳಿಗೆಲ್ಲ ನಾನು ಲೆನ್ಸನ್ನೇ ದೂರುತ್ತಿದ್ದೆ. ಒಂದು ಸಂಜೆ ಅಂಥ ಚಿತ್ರಗಳನ್ನೆಲ್ಲ ಒಂದೆಡೆ ಸೇರಿಸಿ ಅವುಗಳ ಶಟರ್ ವೇಗ ನೋಡಿದರೆ ಹೆಚ್ಚಿನವು 1/15, 1/20 ಸೆಕೆಂಡಿನವು. 50 ಎಂಎಂ ಲೆನ್ಸಿಗೆ 1/50ಕ್ಕಿಂತ ನಿಧಾನವಾದ ವೇಗದಲ್ಲಿ ಕೈಯ ನಡುಕ ಚಿತ್ರದಲ್ಲಿ ಮೂಡೀತೆಂಬ ಹಳೆಯ ಲೆಕ್ಕ ಗೊತ್ತಿದ್ದೂ ನಾನು ಗಮನಿಸಿರಲಿಲ್ಲ. ಐಎಸ್‌ಒ 1600ಕ್ಕೆ ಏರಿಸಿ ಶಟರ್ ವೇಗ ಹೆಚ್ಚಿಸಿದ್ದರೆ ಸಾಕಿತ್ತು. ತಪ್ಪು ಲೆನ್ಸಿನದಲ್ಲ, 400ನ್ನು ಹಿಡಿದುಕೊಂಡು ಕುಳಿತ ನನ್ನದು.

ಇನ್ನು ಫಿಲಂ. ಬಣ್ಣದ ನೆಗೆಟಿವ್‌ನ ಸ್ವಭಾವ ಸೆನ್ಸರಿಗೆ ವಿರುದ್ಧವಾದದ್ದು. ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವ ಇಲ್ಲವೇ ಅರ್ಧವಾಗುವ ಹಂತ) ಬೆಳಕು ಹೆಚ್ಚಾದರೂ ಸಹಿಸುತ್ತದೆ, ಒಂದೆರಡು ಸ್ಟಾಪ್ ಕಡಿಮೆಯಾದರೆ ನೆರಳುಗಳು ಕೆಸರಿನಂತಾಗಿ ಕಣಗಳೇ ಎದ್ದು ಕಾಣುತ್ತವೆ. ಆದ್ದರಿಂದ ಇಲ್ಲಿ ಅಳೆಯಬೇಕಾದದ್ದು ನೆರಳನ್ನು. ನಾನು ಮಾಡುತ್ತಿದ್ದುದು ಬೇರೆ: ಕ್ಯಾಮೆರಾ ಎತ್ತುವುದು, ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿನ ಮುಳ್ಳು ತೋರಿಸಿದ್ದನ್ನು ಒಪ್ಪುವುದು, ಒತ್ತುವುದು. ಹಳೆಯ ಕ್ಯಾಮೆರಾಗಳಲ್ಲಿ ಎಷ್ಟೋ ಮೀಟರುಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿ ಮಾಡಿದವು. ಈಗ ಸಿಗುವ 1.5 ವೋಲ್ಟಿನ ಸೆಲ್ ಹಾಕಿದರೆ ಅವುಗಳ ಅಳತೆ ತಪ್ಪುವುದುಂಟು. ಒಳ್ಳೆಯ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16ಕ್ಕಿಟ್ಟು, ಶಟರ್ ವೇಗವನ್ನು ಐಎಸ್‌ಒ ಸಂಖ್ಯೆಗೆ ಸಮೀಪವಾಗಿ, ಅಂದರೆ 200ರ ಫಿಲಮ್ಮಿಗೆ 1/250ಕ್ಕೆ ಇಡುವ ಪದ್ಧತಿ ಅಂಥ ಮುಳ್ಳಿಗಿಂತ ವಾಸಿ.

ಎಲ್ಲಕ್ಕಿಂತ ನಾಚಿಕೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಒಮ್ಮೆ 36 ಚಿತ್ರಗಳ ರೀಲಿನಲ್ಲಿ ಎಣಿಕೆ 36 ದಾಟಿ 38ಕ್ಕೆ ಬಂದರೂ ಫಿಲಂ ಸರಿಸುವ ಲಿವರ್ ಹಗುರವಾಗಿಯೇ ತಿರುಗುತ್ತಿತ್ತು. ಅದೃಷ್ಟಕ್ಕೆ ಎರಡು ಚಿತ್ರ ಹೆಚ್ಚು ದಕ್ಕಿತೆಂದು ಹಿಗ್ಗಿದೆ. ಫಿಲಮ್ಮಿನ ತುದಿ ಸುತ್ತುಕಡ್ಡಿಗೆ ಕಚ್ಚಿಕೊಂಡೇ ಇರಲಿಲ್ಲ; ಎಣಿಕೆಯ ಮುಳ್ಳು ಲೆಕ್ಕವಿಡುವುದು ಲಿವರ್ ಎಳೆದದ್ದನ್ನೇ ಹೊರತು ಫಿಲಂ ಸರಿದದ್ದನ್ನಲ್ಲ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗಿದರೆ ಮಾತ್ರ ಫಿಲಂ ಚಲಿಸುತ್ತಿದೆ ಎಂದು ತಿಳಿಯಬೇಕು. ಅಂದಿನಿಂದ ಮೊದಲ ಮೂರು ಚಿತ್ರಗಳವರೆಗೆ ನನ್ನ ಕಣ್ಣು ಆ ಗುಂಡಿಯ ಮೇಲೆಯೇ ಇರುತ್ತದೆ.

ಫಿಲಂ ಮನುಷ್ಯನಿಗೆ ತಾಳ್ಮೆ ಕಲಿಸುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. 1888ರ ಕೊಡಾಕ್ ಕ್ಯಾಮೆರಾ 100 ಚಿತ್ರಗಳ ರೀಲಿನೊಂದಿಗೇ ಮಾರಾಟವಾಗುತ್ತಿತ್ತು, ರೀಲು ಮುಗಿದಾಗ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕಿತ್ತು. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ ಎಂಬುದೇ ಅದರ ಜಾಹೀರಾತಿನ ಸಾರ. ಯೋಚಿಸದೆ ಒತ್ತುವ ಚಾಳಿ ಡಿಜಿಟಲ್‌ಗಿಂತ ಬಹಳ ಹಳೆಯದು. 2024ರಲ್ಲಿ ಬಂದ ಪೆಂಟಾಕ್ಸ್ 17 ಎಂಬ ಫಿಲಂ ಕ್ಯಾಮೆರಾ ಕೂಡ ಅರ್ಧ ಚೌಕಟ್ಟಿನದು, ಒಂದು ಚಿತ್ರದ ಜಾಗದಲ್ಲಿ ಎರಡು ತೆಗೆಯುವಂಥದು. 36ರ ರೀಲಿನಲ್ಲಿ 72 ಚಿತ್ರ. ನನಗೆ ಅದರ ಮೇಲೆ ಆಸೆಯಿದೆ, ಆದರೆ 36ನ್ನೇ ಮುಗಿಸಲಾಗದವನಿಗೆ 72 ಏತಕ್ಕೆಂದು ಸುಮ್ಮನಿದ್ದೇನೆ.

ಲ್ಯಾಬಿನಿಂದ ಸ್ಕ್ಯಾನ್ ಕಡತಗಳನ್ನು ಮಾತ್ರ ತರಿಸಿಕೊಂಡು ನೆಗೆಟಿವ್‌ಗಳನ್ನು ಅಲ್ಲಿಯೇ ಬಿಟ್ಟುಬಿಡುವ ಅಭ್ಯಾಸವೂ ನನಗಿತ್ತು. ಹಾಗೆ ಮಾಡಿದಾಗ ಕೈಯಲ್ಲಿ ಉಳಿಯುವುದು ಇನ್ನೊಂದು ಜೆಪೆಗ್ ಮಾತ್ರ. ನಾವು ಮೆಚ್ಚಿಕೊಳ್ಳುವ ‘ಫಿಲಂ ಬಣ್ಣ’ವಾದರೂ ಎಷ್ಟೋ ವೇಳೆ ಸ್ಕ್ಯಾನರಿನ ಮುಂದೆ ಕುಳಿತವರು, ಇಲ್ಲವೇ ಅದರ ಸಾಫ್ಟ್‌ವೇರ್, ಆರಿಸಿದ ಬಣ್ಣ, ನನ್ನ ಒಂದೇ ಪಟ್ಟಿಯನ್ನು ಎರಡು ಕಡೆ ಸ್ಕ್ಯಾನ್ ಮಾಡಿಸಿದಾಗ ಒಂದರಲ್ಲಿ ಆಕಾಶ ಹಸಿರಿಗೆ ವಾಲಿತ್ತು, ಇನ್ನೊಂದರಲ್ಲಿ ಗುಲಾಬಿಗೆ. ಮೂಲ ಇರುವುದು ನೆಗೆಟಿವ್‌ನಲ್ಲಿ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟರೆ ಹತ್ತು ವರ್ಷದ ಮೇಲೂ ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಬಹುದು. ಈಗ ಅವುಗಳನ್ನು ಕೇಳಿ ಪಡೆದು, ತೇದಿ ಬರೆದು ಎತ್ತಿಡುತ್ತೇನೆ.

ಡಿಜಿಟಲ್‌ನ ಅಂಕಿಗಳ ರುಚಿ ಹತ್ತಿದ ಮೇಲೆ ಫಿಲಮ್ಮಿಗೂ ಒಂದು ಚಿಕ್ಕ ಪುಸ್ತಕ ಮಾಡಿಕೊಂಡಿದ್ದೇನೆ. ಚಿತ್ರದ ಸಂಖ್ಯೆ, ಅಪರ್ಚರ್, ಶಟರ್ ವೇಗ, ಎರಡು ಪದದ ಗುರುತು, ಇಷ್ಟೇ. ಸದ್ಯ ಕ್ಯಾಮೆರಾದಲ್ಲಿ ಒಂದು ರೀಲು 25ರಲ್ಲಿ ನಿಂತು ತಿಂಗಳುಗಳೇ ಆಗಿವೆ. ಫಿಲಮ್ಮಿನ ಮೇಲೆ ಬಿದ್ದ ಬೆಳಕಿನ ಗುರುತು ಡೆವಲಪ್ ಆಗುವವರೆಗೆ ನಿಧಾನವಾಗಿ ಕ್ಷೀಣಿಸುತ್ತಲೇ ಇರುವುದರಿಂದ ಉಳಿದ 11 ಚಿತ್ರಗಳನ್ನು ಈ ವಾರ ಮುಗಿಸಬೇಕು. ಪುಸ್ತಕದಲ್ಲಿ ಏಳನೆಯ ಚಿತ್ರದ ಎದುರು ‘ಎಫ್/4, 1/60, ಮಧ್ಯಾಹ್ನದ ಕಿಟಕಿ’ ಎಂದಿದೆ. ಯಾವ ಕಿಟಕಿಯೆಂಬುದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.