ಹದಿನೇಳನೆಯ ನಂಬರ್

ಮೊನ್ನೆ ಮಂಗಳವಾರ ಮಧ್ಯಾಹ್ನ, ಇಲ್ಲಿ ಶಿಕಾಗೋದಲ್ಲಿ, ಮಗನ ಶಾಲೆಯಿಂದ ಫೋನ್ ಬಂತು. ಕೆಲಸದ ನಡುವೆ ಶಾಲೆಯ ನಂಬರ್ ಕಂಡರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಬಿದ್ದನೇ, ಜ್ವರವೇ ಎಂದು ಕೇಳಿದೆ. ಅದೇನೂ ಅಲ್ಲ. ಅವನೀಗ ಒಂಬತ್ತನೆಯ ತರಗತಿ. ಈ ತಿಂಗಳು ನಾಲ್ಕು ದಿನ ಮೊದಲ ಪೀರಿಯಡ್‌ಗೆ ಬಂದಿಲ್ಲ, ಅದು ಗಣಿತದ ಪೀರಿಯಡ್, ಅಂಕ ಇಳಿಯುತ್ತಿದೆ, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಅಲ್ಲಿಯ ಕೌನ್ಸೆಲರ್ ವಿಚಾರಿಸಿದರು. ಬಸ್ ತಪ್ಪುತ್ತಿದೆ ಎಂದೆ. ಹಾಗಾದರೆ ಗುರುವಾರದಿಂದ ಊಟದ ಬಿಡುವಿನಲ್ಲಿ ಅವನನ್ನು ಗಣಿತದ ಶಿಕ್ಷಕರ ಬಳಿ ಕೂರಿಸುತ್ತೇವೆ, ಬಿಟ್ಟುಹೋದ ಪಾಠ ಮುಗಿಯಲಿ ಎಂದರು.

ನನಗೆ ಸಿಟ್ಟು ಬಂದಿತ್ತು. ನಾಲ್ಕು ದಿನಕ್ಕೆ ಇಷ್ಟೊಂದು ವಿಚಾರಣೆಯೇ? ರಾತ್ರಿ ರೊಟ್ಟಿ ಬಡಿಯುತ್ತಾ ಆ ಸಿಟ್ಟನ್ನೆಲ್ಲ ಮಗನ ಮೇಲೆ ತೀರಿಸಿಕೊಂಡೆ. ನಿನಗೆ ಶಾಲೆಯ ಬೆಲೆ ಗೊತ್ತಿಲ್ಲ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಹತ್ತಿ ಬಿಡಿಸಲು ಹೋದವಳು ಶಾಲೆಯನ್ನೇ ಬಿಟ್ಟಳು ಎಂದೆ. ಅವನು ರೊಟ್ಟಿ ಮುರಿಯುತ್ತಾ ಕೇಳಿದ:

"ಅವ್ವ, ಅವಳ ಮನೆಗೆ ಶಾಲೆಯಿಂದ ಯಾರೂ ಫೋನ್ ಮಾಡಲಿಲ್ಲವೇ?"

"ಆಗ ಊರಲ್ಲಿ ಫೋನ್ ಎಲ್ಲಿತ್ತು?"

"ಮನೆಗೇ ಹೋಗಬಹುದಿತ್ತಲ್ಲ. ಒಂದೇ ಊರಲ್ಲವೇ?"

ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ನಮ್ಮದು ಶಹಾಪುರ ತಾಲೂಕಿನ ಹಳ್ಳಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ನಾವು ಓದುವಾಗ ಅದೆಲ್ಲ ಗುಲ್ಬರ್ಗಾ ಜಿಲ್ಲೆಯೇ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಹೆಸರು ಕೂಗುತ್ತಿರಲಿಲ್ಲ, ನಂಬರ್ ಕೂಗುತ್ತಿದ್ದರು. ಅವಳು ಹದಿನೇಳು, ನಾನು ಹದಿನೆಂಟು. ಅವಳ 'ಹಾಜರ್ ಸರ್' ಮುಗಿಯುವ ಮುನ್ನವೇ ನನ್ನದು ಶುರುವಾಗುತ್ತಿತ್ತು. ಗಣಿತದಲ್ಲಿ ಅವಳು ನನಗಿಂತ ಎಷ್ಟೋ ಮುಂದೆ. ಒಂಬತ್ತನೆಯ ತರಗತಿಯಲ್ಲಿ ದಸರಾ ರಜೆ ಮುಗಿದ ಮೇಲೆ ಹದಿನೇಳು ಎಂದಾಗ ಉತ್ತರ ಬರಲಿಲ್ಲ. ಮೇಷ್ಟ್ರು ತಲೆ ಎತ್ತದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹದಿನೆಂಟು ಎಂದರು. ಹೀಗೇ ಎಷ್ಟೋ ದಿನ ನಡೆಯಿತು. ಆಮೇಲೆ ಒಂದು ದಿನ ಹದಿನಾರಾದ ಕೂಡಲೇ ನೇರವಾಗಿ ಹದಿನೆಂಟು ಎಂದರು. ನಾನು ತಡಬಡಿಸಿ ಹಾಜರಿ ಹೇಳಿದೆ. ತರಗತಿಯಲ್ಲಿ ಅದರ ಬಗ್ಗೆ ಯಾರೂ ಏನೂ ಮಾತಾಡಲಿಲ್ಲ.

ದೀಪಾವಳಿಯ ಹೊತ್ತಿಗೆ ಅವಳನ್ನು ಹೊಲದಲ್ಲಿ ನೋಡಿದೆ. ನಡುವಿಗೆ ಹಳೆಯ ಸೀರೆಯ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ಒಣಗಿದ ಹತ್ತಿಕಾಯಿಯ ಸಿಪ್ಪೆಯ ತುದಿ ಮುಳ್ಳಿನಂತಿರುತ್ತದೆ. ಉಗುರಿನ ಬುಡದಲ್ಲೆಲ್ಲ ಅವಳಿಗೆ ಸಣ್ಣ ಸಣ್ಣ ಗೀರುಗಳಾಗಿ, ಒಂದೆರಡು ಕಡೆ ರಕ್ತ ಹೆಪ್ಪುಗಟ್ಟಿತ್ತು. ಕೈ ನಿಲ್ಲಿಸದೆಯೇ, "ಗಣಿತದಲ್ಲಿ ಯಾವ ಪಾಠ ನಡೆದಿದೆ?" ಎಂದು ಕೇಳಿದಳು. ನಾನು ಹೇಳಿದೆ. "ಅದು ಸುಲಭ," ಎಂದಳು.

ಮೇಷ್ಟ್ರು ಕೆಟ್ಟವರಾಗಿರಲಿಲ್ಲ, ಇದನ್ನು ಬರೆಯಲೇಬೇಕು. ಮೂರು ತರಗತಿಗಳಿಗೆ ಅವರೊಬ್ಬರೇ ಗಣಿತ, ಅವರೊಬ್ಬರೇ ವಿಜ್ಞಾನ. ಬಾರದ ಮಗುವಿನ ಮನೆಗೆ ಹೋಗುವುದು ತಮ್ಮ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನಿರುವ ಶಿಕಾಗೋ ಕೂಡ ಹಿಂದೆ ಹೀಗೆಯೇ ಇತ್ತಂತೆ. 1990ರ ದಶಕದ ಕೊನೆಯಲ್ಲಿ ಇಲ್ಲಿಯ ಸರ್ಕಾರಿ ಹೈಸ್ಕೂಲು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಮಾತ್ರ ಓದು ಮುಗಿಸುತ್ತಿದ್ದರು. 2005ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಂಗತಿಯನ್ನು ಲೆಕ್ಕ ಹಾಕಿ ತೋರಿಸಿದರು: ಒಂಬತ್ತನೆಯ ತರಗತಿಯನ್ನು ದಾರಿ ತಪ್ಪದೆ ದಾಟಿದ ಮಗು ಹೈಸ್ಕೂಲು ಮುಗಿಸುವ ಸಾಧ್ಯತೆ, ಆ ವರ್ಷ ಎಡವಿದ ಮಗುವಿಗಿಂತ ಮೂರೂವರೆ ಪಟ್ಟು ಹೆಚ್ಚು. ಆ ವರ್ಷ ಯಾರು ಎಡವುತ್ತಾರೆ ಎಂಬುದನ್ನು ಎಂಟನೆಯ ತರಗತಿಯ ಪರೀಕ್ಷೆಯ ಅಂಕಗಳಿಗಿಂತ ಹಾಜರಿಯೇ ಚೆನ್ನಾಗಿ ಹೇಳುತ್ತದೆ ಎಂಬುದೂ ಮುಂದೆ ಗೊತ್ತಾಯಿತು. ಒಂದೆರಡು ವಾರದ ಗೈರೂ ಸಣ್ಣದಲ್ಲ. ಅಂದಿನಿಂದ ಶಾಲೆಗಳು ಒಂಬತ್ತನೆಯವರ ಹಾಜರಿಯನ್ನೂ ಅಂಕಗಳನ್ನೂ ವರ್ಷದ ನಡುವೆಯೇ ನೋಡಿ, ಜಾರುತ್ತಿರುವವರ ಪಟ್ಟಿ ಮಾಡಿ, ಒಬ್ಬೊಬ್ಬರ ಹಿಂದೆ ಬೀಳತೊಡಗಿದವು. ಈಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಮುಗಿಸುತ್ತಾರೆ. ನಡುವೆ ಕಳ್ಳಲೆಕ್ಕವೂ ನಡೆದಿತ್ತು. ಶಾಲೆ ಬಿಟ್ಟವರನ್ನು ಬೇರೆಡೆ ಸೇರಿದವರೆಂದು ಬರೆದುಕೊಂಡದ್ದು ಬಯಲಾಗಿ 2015ರಲ್ಲಿ ನಗರವೇ ತನ್ನ ಅಂಕಿಯನ್ನು ಇಳಿಸಿಕೊಳ್ಳಬೇಕಾಯಿತು. ನಂಬರನ್ನು ಹಾರಿಸುವ ಚಾಳಿ ಎಲ್ಲ ಊರಿನಲ್ಲೂ ಇದೆ.

ನನಗೆ ಬಂದ ಫೋನ್ ಆ ಪಟ್ಟಿಯಿಂದ ಹುಟ್ಟಿದ್ದು. ಅದು ತಿಳಿದ ಮೇಲೆ ಸಿಟ್ಟು ಉಳಿಯಲಿಲ್ಲ, ಹೊಟ್ಟೆಯೊಳಗೆ ಸಂಕಟ ಶುರುವಾಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಕಡೆಯವರಿಗೆ ಆಗುವ ಅವಮಾನ ಎಲ್ಲರಿಗೂ ಗೊತ್ತು. 2024ರಲ್ಲಿ ಯಾದಗಿರಿ ಶೇ 50.59 ಪಡೆದು ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಶೇ 42.43 ಪಡೆದು ಕಲಬುರಗಿ ಕೊನೆಗೆ ಬಂತು. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಆ ದಿನ ಎಲ್ಲರೂ ಮೇಷ್ಟ್ರುಗಳನ್ನು ಬಯ್ಯುತ್ತಾರೆ, ಅಧಿಕಾರಿಗಳು ಸಭೆ ಕರೆಯುತ್ತಾರೆ, ಮುಂದಿನ ವರ್ಷ ಹತ್ತನೆಯವರಿಗೆ ವಿಶೇಷ ತರಗತಿ ನಡೆಸುತ್ತಾರೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ, ಅದು ಒಳ್ಳೆಯದೇ. ಆದರೆ ಆ ಶೇಕಡಾವಾರಿನಲ್ಲಿ ಪರೀಕ್ಷೆಗೆ ಕೂತವರಷ್ಟೇ ಇರುತ್ತಾರೆ. ಒಂಬತ್ತರಲ್ಲೇ ಹೊಲಕ್ಕೆ ಹೋದವಳು ಪಾಸಾದವರಲ್ಲೂ ಇಲ್ಲ, ನಪಾಸಾದವರಲ್ಲೂ ಇಲ್ಲ. ಶಿಕ್ಷಣದ ಹಕ್ಕಿನ ಕಾಯ್ದೆಯ ಕೈ ಹದಿನಾಲ್ಕು ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ ಚಾಚುತ್ತದೆ. ಅದು ಮುಗಿಯುವ ಹೊತ್ತಿಗೇ ಹುಡುಗಿಯ ಕೈ ಹತ್ತಿಗೆ ಎಟುಕುತ್ತದೆ. ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷಗಳ ಮೇಲಾಯಿತು. ನಮ್ಮ ಮಕ್ಕಳಿಗೆ ಕಾಲೇಜಿನ ಸೀಟು ಮತ್ತು ನೌಕರಿಯಲ್ಲಿ ಪಾಲು ಕೊಡುವ ಆ ವಿಧಿಗಾಗಿ ನಮ್ಮ ಹಿರಿಯರು ಎಷ್ಟೋ ವರ್ಷ ಹೋರಾಡಿದರು. ಹತ್ತನೆಯ ತರಗತಿಗೂ ತಲುಪದವಳಿಗೆ ಆ ಪಾಲು ಹೇಗೆ ಸಿಗಬೇಕು?

ನನ್ನ ಕಾಕಾನ ಮಗ ಊರ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಶುಕ್ರವಾರ ಅವನಿಗೆ ಫೋನ್ ಮಾಡಿ, ಒಂಬತ್ತನೆಯ ತರಗತಿಯಲ್ಲಿ ಈಗ ಯಾರು ಯಾರು ಬರುತ್ತಿಲ್ಲ ಎಂದು ಕೇಳಿದೆ.

"ಯಾಕೆ ಅಕ್ಕ? ಹತ್ತಿ ಶುರುವಾಗಿದೆ. ಈಗ ಬರುವುದಿಲ್ಲ, ಸಂಕ್ರಾಂತಿ ಮುಗಿದ ಮೇಲೆ ಬರುತ್ತಾರೆ."

"ಹೋದ ವರ್ಷ ಹೋದವರು ಬಂದರೇ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಾಜರಿ ಪುಸ್ತಕ ತೆಗೆದು ನಂಬರ್ ಓದಿದ. ಮೂರು, ಹನ್ನೊಂದು, ಹನ್ನೆರಡು, ಇಪ್ಪತ್ತಾರು, ಮೂವತ್ತೊಂದು. ಹನ್ನೊಂದು, ಹನ್ನೆರಡು ಅಕ್ಕತಂಗಿಯರಂತೆ. ಮನೆಗೆ ಹೋಗಿ ನೋಡು ತಮ್ಮ ಎಂದೆ. ಗೌರವಧನವೇ ಹೊತ್ತಿಗೆ ಸರಿಯಾಗಿ ಬಾರದವನಿಗೆ ಇದನ್ನು ಶಿಕಾಗೋದಲ್ಲಿ ಕುಳಿತು ಹೇಳುವುದು ಎಷ್ಟು ಸರಿ ಎಂದು ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈ ಕೆಲಸಕ್ಕೆ ಪ್ರತಿ ಹೈಸ್ಕೂಲಿನಲ್ಲೂ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಬೇಕು. ಅಲ್ಲಿಯವರೆಗೆ ಇಂಥ ತಮ್ಮಂದಿರೇ ಹೋಗಬೇಕಾಗುತ್ತದೆ.

ಭಾನುವಾರ ಇಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಅವನ ಫೋನ್ ಬಂತು. ಎರಡು ಮನೆಗೆ ಬೀಗ, ಎಲ್ಲರೂ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಈಗ ಇಪ್ಪತ್ತಾರನೆಯ ನಂಬರಿನ ಮನೆಯ ಕಟ್ಟೆಯ ಮೇಲಿದ್ದೇನೆ ಎಂದ. ಮನೆಯಲ್ಲಿ ಅಜ್ಜಿ ಒಬ್ಬಳೇ. ಶಾಲೆಯಿಂದ ಬಂದಿದ್ದೇನೆ ಎಂದಾಗ ಹೆದರಿದಳಂತೆ, ಆಮೇಲೆ ಚಹಾ ಮಾಡಿಕೊಟ್ಟಳಂತೆ. ಹುಡುಗಿ ಹೊಲದಿಂದ ಬರುವುದು ಹೊತ್ತು ಮುಳುಗಿದ ಮೇಲೆ.

"ಮತ್ತೆ ಏನು ಮಾಡುತ್ತೀ?"

"ಕುಳಿತಿದ್ದೇನೆ ಅಕ್ಕ," ಎಂದ.